ಕೆಲಸ ಸಿಗೋದು, ಸಿಕ್ಕ ಮೇಲೆ ಬೆಳೆಯೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಹುಡುಕುತ್ತಿರುವವರು ಮತ್ತು ಕೆಲಸದಲ್ಲಿದ್ದೂ ಇದ್ದಲ್ಲೇ ನಿಂತುಬಿಟ್ಟಿದ್ದೇನೆ ಅನಿಸಿದವರು ಜಾಸ್ತಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು. ಕೆಲವಕ್ಕೆ ಸಾಲದು.

ಕೆಲಸ ಕೊಡುವವರು ನಿಜಕ್ಕೂ ಏನು ನೋಡುತ್ತಾರೆ?

ಅವರಿಗೆ ಒಂದು ಭಯ ಇರುತ್ತದೆ. ತಪ್ಪು ವ್ಯಕ್ತಿಯನ್ನು ತೆಗೆದುಕೊಂಡರೆ ಆರು ತಿಂಗಳು, ಒಂದು ವರ್ಷ ಅನುಭವಿಸಬೇಕು. ನಿಮ್ಮ ಬಗ್ಗೆ ಅವರಿಗೆ ಗೊತ್ತಿರುವುದು ಒಂದೆರಡು ಪುಟ ಮತ್ತು ಒಂದೆರಡು ಗಂಟೆಯ ಮಾತು ಮಾತ್ರ. ಡಿಗ್ರಿ, ಅನುಭವದ ವರ್ಷಗಳು, ಹಳೆಯ ಕಂಪನಿಯ ಹೆಸರು, ಇವೆಲ್ಲ ಆ ಭಯ ಕಡಿಮೆ ಮಾಡಿಕೊಳ್ಳಲು ಅವರು ಹಿಡಿದುಕೊಳ್ಳುವ ಅಂದಾಜುಗಳು.

ಅಂದಾಜುಗಳಲ್ಲಿ ಯಾವುದು ಸರಿಯಾಗಿ ಕೆಲಸ ಮಾಡುತ್ತದೆ ಅನ್ನುವುದನ್ನು ಸಂಶೋಧಕರು ತುಂಬ ಕಾಲದಿಂದ ಅಳೆಯುತ್ತಿದ್ದಾರೆ. 1998ರಲ್ಲಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 85 ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಅವರ ತಂಡ ಆ ಲೆಕ್ಕವನ್ನು ಮತ್ತೆ ತಿದ್ದಿತು. ಎರಡರ ಪಟ್ಟಿ ಒಂದೇ ಥರ ಇಲ್ಲ. ಆದರೆ ಕೆಲಸದ ಒಂದು ತುಣುಕನ್ನೇ ಮಾಡಿಸಿ ನೋಡುವುದು, ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಇಂಟರ್ವ್ಯೂ, ಇವು ಎರಡರಲ್ಲೂ ಮೇಲಿವೆ. ‘ಎಷ್ಟು ವರ್ಷ ಅನುಭವ’ ಅನ್ನುವುದು ಎರಡರಲ್ಲೂ ಕೆಳಗಿದೆ.

ಇದರಿಂದ ನಾನು ತೆಗೆದುಕೊಳ್ಳುವುದು ಇಷ್ಟು: ‘ನನಗೆ ಬರುತ್ತದೆ’ ಎಂದು ಹೇಳುವುದಕ್ಕಿಂತ, ಬರುತ್ತದೋ ಇಲ್ಲವೋ ಎಂದು ಇನ್ನೊಬ್ಬರು ತಾವೇ ನೋಡಿ ತಿಳಿಯುವಂತೆ ಏನಾದರೂ ಇಡಿ. ಮುಂದಿನ ಹೆಚ್ಚಿನ ಉತ್ತರಗಳು ಈ ಒಂದು ಮಾತಿನಿಂದಲೇ ಬರುತ್ತವೆ.

ಅನುಭವ ಇಲ್ಲದೆ ಕೆಲಸ ಕೊಡಲ್ಲ, ಕೆಲಸ ಇಲ್ಲದೆ ಅನುಭವ ಬರಲ್ಲ. ಏನು ಮಾಡೋದು?

ಫ್ರೆಷರ್‌ಗಳ ಈ ದೂರು ನ್ಯಾಯವಾದದ್ದೇ. ಆದರೆ ಎದುರಿಗಿರುವವರಿಗೆ ಬೇಕಾಗಿರುವುದು ವರ್ಷಗಳ ಲೆಕ್ಕ ಅಲ್ಲ, ನಂಬಿಕೆ. ಸಂಬಳ ಇಲ್ಲದೆಯೂ ಅದನ್ನು ಸ್ವಲ್ಪ ಮಟ್ಟಿಗೆ ಕಟ್ಟಬಹುದು.

ಅಕೌಂಟ್ಸ್ ಕೆಲಸ ಬೇಕೇ? ಷೇರುಪೇಟೆಯಲ್ಲಿರುವ ಯಾವುದಾದರೂ ಕಂಪನಿಯ ವಾರ್ಷಿಕ ವರದಿ ಎಲ್ಲರಿಗೂ ಸಿಗುತ್ತದೆ. ಅದರ ಮೂರು ವರ್ಷದ ಲೆಕ್ಕ ತೆಗೆದು, ಸಾಲ ಹೇಗೆ ಏರಿತು, ನಗದು ಎಲ್ಲಿ ಸಿಕ್ಕಿಕೊಂಡಿದೆ ಎಂದು ಎರಡು ಪುಟ ಬರೆಯಿರಿ. ಸಾಫ್ಟ್‌ವೇರ್ ಟೆಸ್ಟಿಂಗ್ ಬೇಕೇ? ಓಪನ್ ಸೋರ್ಸ್, ಅಂದರೆ ಒಳಗಿನ ಕೋಡ್ ಎಲ್ಲರಿಗೂ ತೆರೆದಿರುವ, ತಂತ್ರಾಂಶಗಳಲ್ಲಿ ದೋಷ ಹುಡುಕಿ, ಅದು ಮತ್ತೆ ಹೇಗೆ ಕಾಣಿಸಿಕೊಳ್ಳುತ್ತದೆ ಎಂದು ಹಂತ ಹಂತವಾಗಿ ವರದಿ ಮಾಡಿ. ಆ ವರದಿಗಳು ನಿಮ್ಮ ಹೆಸರಲ್ಲೇ ಉಳಿಯುತ್ತವೆ. ಗ್ರಾಹಕ ಸೇವೆ ಬೇಕೇ? ಗೊಂದಲವಾಗಿರುವ ಒಂದು ಸಹಾಯ ಪುಟವನ್ನು ತೆಗೆದುಕೊಂಡು ಸರಳವಾಗಿ ತಿದ್ದಿ ಬರೆಯಿರಿ. ಪಾಠ ಹೇಳುವವರಾದರೆ ಹತ್ತು ನಿಮಿಷದ ಒಂದು ಪಾಠ ರೆಕಾರ್ಡ್ ಮಾಡಿ.

ಅರ್ಧಕ್ಕೆ ಬಿಟ್ಟ ಐದು ಪ್ರಾಜೆಕ್ಟ್‌ಗಿಂತ ಮುಗಿಸಿದ ಒಂದು ಮೇಲು. ಮುಗಿಸುವುದೇ ಒಂದು ಕೌಶಲ, ಅದು ನೋಡುವವರಿಗೂ ಗೊತ್ತು.

ಇನ್ನೊಂದು ವಿಷಯ. ಜಾಹೀರಾತಿನಲ್ಲಿ ‘2-3 ವರ್ಷ ಅನುಭವ’ ಎಂದಿದ್ದರೆ ಅದು ಅವರ ಆಸೆ, ಹೆಚ್ಚಿನ ಸಲ ಕಟ್ಟುನಿಟ್ಟಿನ ನಿಯಮ ಅಲ್ಲ. ಮುಖ್ಯ ಕೆಲಸ ನಿಮ್ಮಿಂದ ಆಗುತ್ತದೆ ಅನಿಸಿದರೆ ಅರ್ಜಿ ಹಾಕಿ. ಕಾನೂನಿನ ಪ್ರಕಾರ ಪರವಾನಗಿ ಬೇಕಾದ ಕೆಲಸಗಳಿಗೆ ಮಾತ್ರ ಈ ಮಾತು ಹೊಂದುವುದಿಲ್ಲ.

ಈಗ ಯಾವ ಕೌಶಲ ಕಲಿತರೆ ಒಳ್ಳೆಯದು?

ಯಾರನ್ನೂ ಕೇಳಬೇಡಿ, ಜಾಹೀರಾತುಗಳನ್ನು ಕೇಳಿ. ನಿಮಗೆ ಬೇಕಾದ ಹುದ್ದೆಯ ಇಪ್ಪತ್ತು ಮೂವತ್ತು ಜಾಹೀರಾತು ಒಂದು ಕಡೆ ಹಾಕಿಕೊಳ್ಳಿ. ಯಾವ ಯಾವ ಕೌಶಲ ಎಷ್ಟು ಸಲ ಬಂದಿದೆ ಎಂದು ಗುರುತು ಹಾಕಿ. ಹೆಚ್ಚು ಸಲ ಬಂದು, ನಿಮಗೆ ಬಾರದೆ ಇರುವ ಮೊದಲ ಎರಡು ನಿಮ್ಮ ಮುಂದಿನ ಪಾಠ. ಅಷ್ಟೇ.

ವರ್ಲ್ಡ್ ಎಕನಾಮಿಕ್ ಫೋರಂನ 2025ರ ವರದಿ, ಕೆಲಸಗಾರರ ಮುಖ್ಯ ಕೌಶಲಗಳಲ್ಲಿ ಸುಮಾರು ಶೇ 39ರಷ್ಟು 2030ರ ಹೊತ್ತಿಗೆ ಬದಲಾಗುತ್ತವೆ ಎಂದು ಉದ್ಯೋಗದಾತರು ಅಂದುಕೊಂಡಿದ್ದಾರೆ ಎನ್ನುತ್ತದೆ. ಅವರು ಮೊದಲು ಬೇಕು ಅಂದಿದ್ದು ವಿಶ್ಲೇಷಣೆ ಮಾಡಿ ಯೋಚಿಸುವ ಶಕ್ತಿ. ಓದಲು ಚೆನ್ನಾಗಿದೆ. ಆದರೆ ನಾಳೆ ಬೆಳಗ್ಗೆ ಏನು ಕಲಿಯಬೇಕು ಅನ್ನುವುದನ್ನು ಅಂಥ ವರದಿ ಹೇಳುವುದಿಲ್ಲ, ಜಾಹೀರಾತು ಹೇಳುತ್ತದೆ.

ಒಂದು ಕ್ಷೇತ್ರದಲ್ಲಿ ಎಲ್ಲರಿಗಿಂತ ಮುಂದೆ ಹೋಗುವುದು ಕಷ್ಟ. ಎರಡು ಕೌಶಲ ಜೋಡಿಸುವುದು ಅಷ್ಟು ಕಷ್ಟ ಅಲ್ಲ. ಲೆಕ್ಕಪತ್ರವೂ ಬಂದು, ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಎಸ್‌ಕ್ಯುಎಲ್ ಕೂಡ ಬಂದರೆ ನಿಮ್ಮ ಜೊತೆ ಪೈಪೋಟಿಗೆ ಇರುವವರ ಸಂಖ್ಯೆ ಒಮ್ಮೆಲೇ ಕಡಿಮೆಯಾಗುತ್ತದೆ. ನರ್ಸಿಂಗ್ ಜೊತೆ ಇನ್ನೊಂದು ಭಾಷೆ, ಎಂಜಿನಿಯರಿಂಗ್ ಜೊತೆ ಸ್ಪಷ್ಟವಾಗಿ ಬರೆಯುವ ಅಭ್ಯಾಸ, ಹೀಗೆ. ಬರೆಯುವುದನ್ನು ಯಾರೂ ಕೌಶಲ ಅಂತ ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ. ದೂರದಲ್ಲಿ ಕೂತು ಕೆಲಸ ಮಾಡುವ ತಂಡಗಳಲ್ಲಿ ಅರ್ಧ ಕೆಲಸ ಬರವಣಿಗೆಯೇ ಅಲ್ವಾ?

ಆನ್‌ಲೈನ್ ಕೋರ್ಸ್, ಸರ್ಟಿಫಿಕೇಟ್‌ಗಳಿಂದ ಪ್ರಯೋಜನ ಇದೆಯಾ?

ನಿಮ್ಮ ಜಾಹೀರಾತುಗಳಲ್ಲಿ ಆ ಸರ್ಟಿಫಿಕೇಟ್‌ನ ಹೆಸರು ಇದ್ದರೆ ಇದೆ. ಇಲ್ಲದಿದ್ದರೆ ಅದು ನಿಮ್ಮ ಕಲಿಕೆಗೆ ಮಾತ್ರ, ರೆಸ್ಯೂಮ್‌ಗೆ ಅಲ್ಲ.

ಸೇರಿಕೊಳ್ಳುವುದು ಸುಲಭ, ಮುಗಿಸುವವರು ಕಡಿಮೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದಲ್ಲಿರುವ ಹಾರ್ವರ್ಡ್ ಮತ್ತು ಎಂಐಟಿಯ ಕೋರ್ಸ್‌ಗಳ ಲೆಕ್ಕ 2019ರಲ್ಲಿ ಪ್ರಕಟವಾಯಿತು. 2017-18ರಲ್ಲಿ ಸೇರಿದವರಲ್ಲಿ ಮುಗಿಸಿದ್ದು ಶೇ 3.13 ಮಾತ್ರ. ಹಾಗಾಗಿ ಒಂದು ಸಲಕ್ಕೆ ಒಂದೇ ಕೋರ್ಸ್ ಹಿಡಿಯಿರಿ. ಅದರಲ್ಲಿ ಕಲಿತದ್ದನ್ನು ಆ ವಾರವೇ ಏನಾದರೂ ಮಾಡಲು ಬಳಸಿ. ವಿಡಿಯೊ ನೋಡುತ್ತ ಹೋದರೆ ಎಲ್ಲ ಅರ್ಥವಾದ ಹಾಗೇ ಅನಿಸುತ್ತದೆ. ಪುಸ್ತಕ ಮುಚ್ಚಿ ತಾನೇ ಮಾಡಲು ಕೂತಾಗ ಮಾತ್ರ ನಿಜ ಗೊತ್ತಾಗುತ್ತದೆ.

ರೆಸ್ಯೂಮ್ ಹೇಗಿರಬೇಕು?

ಮೊದಲ ಸುತ್ತಿನಲ್ಲಿ ಅದನ್ನು ಯಾರೂ ಓದುವುದಿಲ್ಲ, ಕಣ್ಣಾಡಿಸುತ್ತಾರೆ. ನೇಮಕ ಮಾಡುವವರ ಕಣ್ಣಿನ ಚಲನೆ ಅಳೆದ 2018ರ ಒಂದು ಅಧ್ಯಯನದಲ್ಲಿ ಮೊದಲ ನೋಟಕ್ಕೆ ಸಿಕ್ಕ ಸಮಯ ಸರಾಸರಿ 7.4 ಸೆಕೆಂಡು. ಅದು ಒಂದು ಚಿಕ್ಕ ಅಧ್ಯಯನ, ಆ ಅಂಕಿಗೆ ಜಾಸ್ತಿ ತೂಕ ಕೊಡಬೇಡಿ. ಆದರೆ ನೂರಾರು ಅರ್ಜಿ ಮುಂದಿಟ್ಟುಕೊಂಡವರು ಬೇರೆ ಏನು ಮಾಡಲು ಸಾಧ್ಯ? ಹಾಗಾಗಿ ಮುಖ್ಯವಾದದ್ದೆಲ್ಲ ಮೊದಲ ಪುಟದ ಮೇಲಿನ ಭಾಗದಲ್ಲೇ ಸಿಗಬೇಕು: ನೀವು ಯಾರು, ಯಾವ ಕೆಲಸ ಬಲ್ಲಿರಿ, ಇತ್ತೀಚೆಗೆ ಏನು ಮಾಡಿದಿರಿ.

‘ಶ್ರಮಜೀವಿ’, ‘ತಂಡದಲ್ಲಿ ಬೆರೆಯುವ ಸ್ವಭಾವ’, ‘ಹೊಸದನ್ನು ಕಲಿಯುವ ಹಂಬಲ’, ಇವನ್ನು ತೆಗೆದುಬಿಡಿ. ‘ನಾನು ಸೋಮಾರಿ’ ಎಂದು ಯಾರೂ ಬರೆಯುವುದಿಲ್ಲ, ಆದ್ದರಿಂದ ‘ನಾನು ಶ್ರಮಜೀವಿ’ ಅನ್ನುವುದಕ್ಕೂ ಬೆಲೆ ಇಲ್ಲ.

ಪ್ರತಿ ಸಾಲಿನಲ್ಲೂ ಏನು ಮಾಡಿದಿರಿ, ಹೇಗೆ ಮಾಡಿದಿರಿ, ಅದರಿಂದ ಏನಾಯಿತು ಎಂದು ಇರಲಿ. ‘ಗ್ರಾಹಕರ ದೂರು ನೋಡಿಕೊಳ್ಳುವ ಜವಾಬ್ದಾರಿ’ ಎಂದು ಬರೆದರೆ ಹುದ್ದೆಯ ವಿವರಣೆ ಬರೆದಂತಾಯಿತು. ‘ದಿನಕ್ಕೆ ಸುಮಾರು 40 ದೂರು ನೋಡುತ್ತಿದ್ದೆ. ಪದೇ ಪದೇ ಬರುವ ಹನ್ನೆರಡಕ್ಕೆ ಸಿದ್ಧ ಉತ್ತರ ತಯಾರಿಸಿದೆ. ತಂಡದ ಉಳಿದವರೂ ಅವನ್ನೇ ಬಳಸತೊಡಗಿದರು’ ಎಂದರೆ ಒಬ್ಬ ಮನುಷ್ಯ ಕಾಣಿಸುತ್ತಾನೆ. ಲಾಭ ನಷ್ಟದ ಅಂಕಿ ನಿಮ್ಮ ಕೈಯಲ್ಲಿ ಇರಲಿಕ್ಕಿಲ್ಲ. ಪರವಾಗಿಲ್ಲ. ಎಷ್ಟು ಜನ, ಎಷ್ಟು ಸಲ, ಎಷ್ಟು ದೊಡ್ಡದು, ಮೊದಲು ಎಷ್ಟು ಹೊತ್ತು ಹಿಡಿಯುತ್ತಿತ್ತು, ಈಗ ಎಷ್ಟು, ಇದರಲ್ಲಿ ಒಂದಾದರೂ ಗೊತ್ತಿರುತ್ತದೆ. ಬರೆದ ಅಂಕಿ ಹೇಗೆ ಬಂತು ಎಂದು ಇಂಟರ್ವ್ಯೂನಲ್ಲಿ ಕೇಳಿದರೆ ಹೇಳಲು ಬರುವಂತಿರಲಿ, ಅಷ್ಟೇ ಷರತ್ತು.

ಉದ್ದ ಎಷ್ಟು? ಹೊಸಬರಿಗೆ ಒಂದು ಪುಟ, ಅನುಭವಿಗಳಿಗೆ ಎರಡು. ಫೈಲ್‌ಗೆ ನಿಮ್ಮ ಹೆಸರಿಡಿ. ‘ಫೈನಲ್ ನ್ಯೂ 3’ ಎಂಬ ಹೆಸರಿನ ಫೈಲ್ ಕಳಿಸುವವರು ಇನ್ನೂ ಇದ್ದಾರೆ!

ಕಂಪ್ಯೂಟರೇ ಮುಕ್ಕಾಲು ಪಾಲು ರೆಸ್ಯೂಮ್ ಎಸೆದುಬಿಡುತ್ತಂತೆ, ನಿಜವಾ?

‘ಶೇ 75 ರೆಸ್ಯೂಮ್‌ಗಳನ್ನು ಮನುಷ್ಯರು ನೋಡುವುದೇ ಇಲ್ಲ’ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಹೇಳುವವರಲ್ಲಿ ಹೆಚ್ಚಿನವರು ರೆಸ್ಯೂಮ್ ತಿದ್ದಿಕೊಡುವ ಸೇವೆ ಮಾರುವವರು ಅನ್ನುವುದನ್ನು ಗಮನಿಸಿ. ಅರ್ಜಿ ನಿರ್ವಹಿಸುವ ತಂತ್ರಾಂಶದ, ಅಂದರೆ ಎಟಿಎಸ್‌ನ, ಮುಖ್ಯ ಕೆಲಸ ಅರ್ಜಿಗಳನ್ನು ಜೋಡಿಸಿಡುವುದು ಮತ್ತು ಹುಡುಕಲು ಕೊಡುವುದು. ತಾನಾಗಿ ಹೊರಗೆ ಹಾಕುವುದು ಹೆಚ್ಚಾಗಿ ನೀವು ಅರ್ಜಿಯಲ್ಲಿ ‘ಹೌದು/ಇಲ್ಲ’ ಎಂದು ಕೊಟ್ಟ ಉತ್ತರಗಳ ಮೇಲೆ: ಕೆಲಸದ ಪರವಾನಗಿ ಇದೆಯೇ, ಆ ಡಿಗ್ರಿ ಇದೆಯೇ, ಹೀಗೆ.

ಆದರೂ ಕಂಪನಿಗಳು ಹಾಕಿಕೊಂಡ ಸೋಸುವಿಕೆಯಲ್ಲಿ ಒಳ್ಳೆಯವರೂ ಹೊರಗುಳಿಯುತ್ತಾರೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ 2021ರಲ್ಲಿ ಮಾಡಿದ ಅಧ್ಯಯನದಲ್ಲಿ, ಸಮೀಕ್ಷೆಗೆ ಒಳಗಾದ ಸುಮಾರು ಅರ್ಧದಷ್ಟು ಕಂಪನಿಗಳು ಆರು ತಿಂಗಳಿಗಿಂತ ಹೆಚ್ಚು ಕಾಲ ಕೆಲಸದಲ್ಲಿ ಇಲ್ಲದವರನ್ನು ಸೋಸಿ ತೆಗೆಯುತ್ತಿದ್ದವು. ಇದು ಯಂತ್ರದ ತಪ್ಪಲ್ಲ, ಅದಕ್ಕೆ ಹಾಗೆ ಹೇಳಿಕೊಟ್ಟವರದ್ದು.

ನೀವು ಮಾಡಬಹುದಾದದ್ದು ಸರಳ. ಜಾಹೀರಾತಿನಲ್ಲಿರುವ ಪದವನ್ನೇ ಬಳಸಿ. ಎರಡು ಕಾಲಂ, ಚಿತ್ರದೊಳಗಿನ ಅಕ್ಷರ, ನಕ್ಷತ್ರ ಹಾಕಿ ಕೌಶಲ ಅಳೆಯುವುದು ಬೇಡ. ಪಿಡಿಎಫ್‌ನಲ್ಲಿರುವುದನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಅಲ್ಲಿ ಸಾಲು ಸಾಲಾಗಿ ಓದಲು ಬಂದರೆ ಯಂತ್ರಕ್ಕೂ ಓದಲು ಬರುತ್ತದೆ. ಬಿಳಿ ಬಣ್ಣದಲ್ಲಿ ಪದಗಳನ್ನು ಬಚ್ಚಿಡುವ ಟ್ರಿಕ್ ಮಾಡಬೇಡಿ. ಸಿಕ್ಕಿಬಿದ್ದರೆ ಉಳಿದದ್ದನ್ನೂ ನಂಬುವುದಿಲ್ಲ.

ಎಐ ಹತ್ತಿರ ರೆಸ್ಯೂಮ್ ಬರೆಸಬಹುದಾ?

ತಿದ್ದಿಸಬಹುದು, ಬರೆಸಬೇಡಿ. ವಿಷಯ ನೀವೇ ಕೊಟ್ಟು ಭಾಷೆ ನಯ ಮಾಡಿಸಿದರೆ ತಪ್ಪಿಲ್ಲ. ಪೂರ್ತಿ ಅದಕ್ಕೇ ಬಿಟ್ಟರೆ ನಿಮ್ಮದೂ ಪಕ್ಕದವರದ್ದೂ ಒಂದೇ ಥರ ಕಾಣುತ್ತದೆ. ನೀವು ಮಾಡದ ಕೆಲಸವನ್ನೂ ಅದು ಸೇರಿಸಬಹುದು.

ದಿನಕ್ಕೆ ಎಷ್ಟು ಅರ್ಜಿ ಹಾಕಬೇಕು?

ನೂರು ಕಡೆ ಒಂದೇ ರೆಸ್ಯೂಮ್ ಎಸೆಯುವುದು ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಮಾಡುತ್ತಾರೆ. ಜಾಹೀರಾತು ಓದಿ, ಮೇಲಿನ ನಾಲ್ಕು ಸಾಲು ಅದಕ್ಕೆ ತಕ್ಕಂತೆ ಬದಲಿಸಿ, ವಾರಕ್ಕೆ ಏಳೆಂಟು ಕಳಿಸಿ. ಉಳಿದ ಸಮಯವನ್ನು ಜನರ ಜೊತೆ ಮಾತಾಡಲು ಇಟ್ಟುಕೊಳ್ಳಿ.

ಪರಿಚಯ ಇಲ್ಲದೆ ಕೆಲಸ ಸಿಗಲ್ಲ ಅಂತಾರೆ. ನನಗೆ ದೊಡ್ಡವರು ಯಾರೂ ಗೊತ್ತಿಲ್ಲ.

ದೊಡ್ಡವರು ಬೇಕಾಗಿಲ್ಲ. ತೀರಾ ಹತ್ತಿರದವರೂ ಬೇಕಾಗಿಲ್ಲ. ಇದು ಕೇಳಲು ವಿಚಿತ್ರ, ಆದರೆ ಚೆನ್ನಾಗಿ ಪರೀಕ್ಷೆಯಾದ ಮಾತು.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅಮೆರಿಕದ ಬಾಸ್ಟನ್ ಪಕ್ಕದ ಒಂದು ಊರಿನಲ್ಲಿ, ಪರಿಚಯದ ಮೂಲಕ ಕೆಲಸ ಸಿಕ್ಕವರನ್ನು ಮಾತಾಡಿಸಿದರು. ಸುದ್ದಿ ಕೊಟ್ಟ ವ್ಯಕ್ತಿಯನ್ನು ಆಗ ಎಷ್ಟು ಸಲ ಭೇಟಿ ಮಾಡುತ್ತಿದ್ದಿರಿ ಎಂದು ಕೇಳಿದರು. ‘ಆಗಾಗ’ ಅಂದವರು ಶೇ 16.7 ಮಾತ್ರ. ‘ಅಪರೂಪಕ್ಕೆ ಒಮ್ಮೆ’ ಅಂದವರೇ ಶೇ 27.8. ಉಳಿದ ಶೇ 55.6 ಇವೆರಡರ ನಡುವೆ. 1973ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕಾರಣ ಸರಳ. ನಿಮ್ಮ ಆಪ್ತರಿಗೆ ಗೊತ್ತಿರುವುದು ಬಹುತೇಕ ನಿಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಬೇರೆ ಗುಂಪಿನಲ್ಲಿ ಓಡಾಡುತ್ತಾರೆ, ಬೇರೆ ಸುದ್ದಿ ತರುತ್ತಾರೆ. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶ ಬಂತು. ತೀರಾ ಆಪ್ತರೂ ಅಲ್ಲದ, ತೀರಾ ಅಪರಿಚಿತರೂ ಅಲ್ಲದವರಿಂದಲೇ ಹೆಚ್ಚು ಅನುಕೂಲ ಎಂದು ಅಲ್ಲೂ ಕಂಡಿತು.

ಹಾಗಾದರೆ ಹಳೆಯ ಸಹಪಾಠಿ, ಎರಡು ಕೆಲಸದ ಹಿಂದಿನ ಸಹೋದ್ಯೋಗಿ, ತರಬೇತಿಯಲ್ಲಿ ಪಕ್ಕ ಕೂತಿದ್ದವರು, ಇವರೇ ನಿಮ್ಮ ಬಂಡವಾಳ. ‘ಕೆಲಸ ಇದ್ದರೆ ಹೇಳಿ’ ಎಂದು ಬರೆಯಬೇಡಿ. ಆ ಪ್ರಶ್ನೆಗೆ ‘ನೋಡ್ತೀನಿ’ ಬಿಟ್ಟು ಬೇರೆ ಉತ್ತರ ಇಲ್ಲ. ಹೀಗೆ ಬರೆಯಿರಿ:

‘ನಮಸ್ಕಾರ. ನಾವು ಹಿಂದೆ ಒಂದೇ ಪ್ರಾಜೆಕ್ಟ್‌ನಲ್ಲಿದ್ದೆವು. ನಾನು ಈಗ ಸಪ್ಲೈ ಚೈನ್ ಕೆಲಸಕ್ಕೆ ಬದಲಾಗಬೇಕು ಅಂದುಕೊಂಡಿದ್ದೇನೆ. ನೀವು ಅದರಲ್ಲೇ ಇದ್ದೀರಿ ಎಂದು ನೋಡಿದೆ. ನಿಮ್ಮ ತಂಡದಲ್ಲಿ ಹೊಸಬರಿಂದ ಏನು ಬಯಸುತ್ತಾರೆ ಎಂದು ತಿಳಿದುಕೊಳ್ಳಬೇಕಿತ್ತು. ಈ ವಾರ ಹದಿನೈದು ನಿಮಿಷ ಬಿಡುವಿದೆಯೇ?’

ಕೇಳಿದ್ದು ಚಿಕ್ಕದು, ಕೊಡಲು ಸುಲಭ. ಮಾತು ಚೆನ್ನಾಗಿ ನಡೆದರೆ ರೆಫರಲ್, ಅಂದರೆ ಕಂಪನಿಗೆ ನಿಮ್ಮ ಹೆಸರು ಸೂಚಿಸುವ, ವಿಷಯ ಅವರೇ ಎತ್ತುತ್ತಾರೆ. ಎತ್ತದಿದ್ದರೂ ಒಂದು ಧನ್ಯವಾದ ಕಳಿಸಿ, ಅವರು ಹೇಳಿದ್ದರಲ್ಲಿ ಏನು ಮಾಡಿದಿರಿ ಎಂದು ಒಂದು ತಿಂಗಳ ನಂತರ ಎರಡು ಸಾಲು ಬರೆಯಿರಿ. ಇದನ್ನು ಮಾಡುವವರು ತೀರಾ ಕಡಿಮೆ.

ಇಂಟರ್ವ್ಯೂಗೆ ಹೇಗೆ ತಯಾರಾಗಬೇಕು?

ಉತ್ತರ ಬಾಯಿಪಾಠ ಮಾಡಬೇಡಿ, ಘಟನೆಗಳನ್ನು ಸಿದ್ಧ ಮಾಡಿಟ್ಟುಕೊಳ್ಳಿ. ಆರೇಳು ಸಾಕು: ಕಷ್ಟದ ಗ್ರಾಹಕ, ತಡವಾದ ಕೆಲಸ, ಜಗಳ, ಸೋಲು, ತಾನಾಗಿ ಮುಂದೆ ಬಂದು ಮಾಡಿದ್ದು, ಹೊಸದಾಗಿ ಕಲಿತದ್ದು. ಪ್ರಶ್ನೆ ಹೇಗೇ ಬರಲಿ, ಇವುಗಳಲ್ಲಿ ಒಂದು ಹೊಂದುತ್ತದೆ. ಹೇಳುವ ಕ್ರಮ ಹೀಗಿರಲಿ: ಪರಿಸ್ಥಿತಿ ಏನಿತ್ತು, ನಿಮ್ಮ ಪಾಲಿಗೆ ಬಂದದ್ದು ಏನು, ನೀವು ಏನು ಮಾಡಿದಿರಿ, ಏನಾಯಿತು. ಇದಕ್ಕೇ ಸ್ಟಾರ್ ವಿಧಾನ ಅನ್ನುತ್ತಾರೆ. ಹೆಚ್ಚಿನವರು ಪರಿಸ್ಥಿತಿ ವಿವರಿಸುವುದರಲ್ಲೇ ಮೂರು ನಿಮಿಷ ಕಳೆದು, ತಾವು ಮಾಡಿದ್ದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅದನ್ನು ತಿರುಗಿಸಿ.

‘ನಾವು ಮಾಡಿದೆವು’ ಎಂದೇ ಹೇಳುತ್ತ ಹೋಗುವುದು ನಮ್ಮಲ್ಲಿ ಅನೇಕರಿಗೆ ಅಭ್ಯಾಸ. ವಿನಯ ಒಳ್ಳೆಯದೇ. ಆದರೆ ಎದುರಿಗಿರುವವರು ಇಡೀ ತಂಡವನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿಲ್ಲ. ತಂಡದ ಕೆಲಸ ಯಾವುದು, ಅದರಲ್ಲಿ ನಿಮ್ಮ ಪಾಲು ಯಾವುದು ಎಂದು ಬಿಡಿಸಿ ಹೇಳಿ.

ಗೊತ್ತಿಲ್ಲದ್ದನ್ನು ಕೇಳಿದರೆ ‘ಇದು ನನಗೆ ಗೊತ್ತಿಲ್ಲ, ಆದರೆ ಹೀಗೆ ಹುಡುಕಲು ಶುರು ಮಾಡುತ್ತೇನೆ’ ಎಂದು ದಾರಿ ಹೇಳಿ. ಇಂಟರ್ವ್ಯೂನಲ್ಲಿ ಒಗಟು ಕೇಳುತ್ತಾರೆ ಅನ್ನುವ ಚಿಂತೆ ಬಿಡಿ. ಒಂದು ಕಾಲದಲ್ಲಿ ಅದಕ್ಕೇ ಹೆಸರಾಗಿದ್ದ ಗೂಗಲ್‌ನ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್, ಅವುಗಳಿಂದ ಏನೂ ತಿಳಿಯುವುದಿಲ್ಲ ಎಂದು 2013ರಲ್ಲೇ ಹೇಳಿದ್ದಾರೆ.

ಕೊನೆಯಲ್ಲಿ ನೀವೂ ಪ್ರಶ್ನೆ ಕೇಳಬೇಕು. ನನಗೆ ಇಷ್ಟವಾದದ್ದು: ‘ಈ ಹುದ್ದೆಗೆ ಬಂದವರು ಆರು ತಿಂಗಳಲ್ಲಿ ಏನು ಮಾಡಿದ್ದರೆ ನೀವು ಸರಿಯಾದವರನ್ನೇ ತೆಗೆದುಕೊಂಡೆವು ಅಂದುಕೊಳ್ಳುತ್ತೀರಿ?’ ಇದಕ್ಕೆ ಅವರ ಹತ್ತಿರ ಉತ್ತರ ಇಲ್ಲದಿದ್ದರೆ, ಯೋಚಿಸಬೇಕಾದವರು ನೀವು.

ನಡುವೆ ಎರಡು ವರ್ಷ ಕೆಲಸ ಮಾಡಿಲ್ಲ. ಏನು ಹೇಳಲಿ?

ನಿಜ ಹೇಳಿ, ಒಂದೇ ವಾಕ್ಯದಲ್ಲಿ. ‘ಮನೆಯಲ್ಲಿ ಒಬ್ಬರನ್ನು ನೋಡಿಕೊಳ್ಳಬೇಕಿತ್ತು, ಈಗ ಮುಗಿದಿದೆ.’ ತಕ್ಷಣ ಇತ್ತೀಚೆಗೆ ಮಾಡಿದ ಒಂದು ಕೆಲಸಕ್ಕೆ ಮಾತು ತಿರುಗಿಸಿ. ಬಿಡುವಿನ ಬಗ್ಗೆ ಉದ್ದಕ್ಕೆ ಸಮಜಾಯಿಷಿ ಕೊಟ್ಟಷ್ಟೂ ಅನುಮಾನ ಜಾಸ್ತಿ. ಅವರಿಗೆ ನಿಜಕ್ಕೂ ಬೇಕಿರುವುದು, ನಿಮ್ಮ ಕೈ ಇನ್ನೂ ಪಳಗಿದೆಯಾ ಅನ್ನುವುದು.

ಸಂಬಳದ ಮಾತು ಹೇಗೆ ಆಡಬೇಕು?

ಮೊದಲು ಮಾರುಕಟ್ಟೆ ದರ ತಿಳಿದುಕೊಳ್ಳಿ. ಅದೇ ಹುದ್ದೆಯಲ್ಲಿರುವ ಮೂರು ನಾಲ್ಕು ಜನರನ್ನು ‘ನಿಮಗೆ ಎಷ್ಟು?’ ಎಂದು ಕೇಳಬೇಡಿ. ‘ಇಂಥ ಹುದ್ದೆಗೆ ಎಷ್ಟರಿಂದ ಎಷ್ಟರವರೆಗೆ ನಡೆಯುತ್ತಿದೆ?’ ಎಂದು ಕೇಳಿದರೆ ಹೇಳುತ್ತಾರೆ.

ಮೊದಲು ಬಾಯಿಗೆ ಬಂದ ಸಂಖ್ಯೆಯ ಸುತ್ತಲೇ ಮುಂದಿನ ಮಾತು ಸುತ್ತುತ್ತದೆ. ಮನಸ್ಸು ಹೀಗೆ ಒಂದು ಸಂಖ್ಯೆಗೆ ಅಂಟಿಕೊಳ್ಳುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಟ್ವೆರ್‌ಸ್ಕಿ ಮತ್ತು ಕಾನೆಮನ್ 1974ರಲ್ಲೇ ತೋರಿಸಿದ್ದರು. ದರ ಚೆನ್ನಾಗಿ ಗೊತ್ತಿದ್ದರೆ ನೀವೇ ಮೊದಲು ಹೇಳಿ. ಗೊತ್ತಿಲ್ಲದಿದ್ದರೆ ‘ಈ ಹುದ್ದೆಗೆ ನೀವು ಎಷ್ಟು ಇಟ್ಟಿದ್ದೀರಿ?’ ಎಂದು ಅವರಿಂದಲೇ ಬರಲಿ. ಹಳೆಯ ಸಂಬಳದ ಮೇಲೆ ಇಷ್ಟು ಪರ್ಸೆಂಟ್ ಅನ್ನುವ ಲೆಕ್ಕಕ್ಕೆ ಸಿಕ್ಕಿಕೊಳ್ಳಬೇಡಿ. ಮೊದಲ ಕೆಲಸದಲ್ಲಿ ಕಡಿಮೆ ಸಿಕ್ಕಿದ್ದರೆ ಅದು ಜೀವನಪೂರ್ತಿ ಬೆನ್ನಿಗೆ ಬರುತ್ತದೆ.

ಕೇಳಿದ ಮೇಲೆ ಸುಮ್ನಿರಿ. ಮೌನ ತಡೆಯಲಾಗದೆ ‘ಸ್ವಲ್ಪ ಕಡಿಮೆಯಾದರೂ ನಡೆಯುತ್ತೆ’ ಎಂದು ತಾವೇ ಇಳಿಸಿಬಿಡುವವರು ಬಹಳ. ಸಂಬಳ ಏರಿಸಲು ಆಗದಿದ್ದರೆ ರಜೆ, ಕೆಲಸದ ಸಮಯ, ಕಲಿಕೆಯ ಖರ್ಚು, ಮುಂದಿನ ಪರಿಶೀಲನೆಯ ದಿನಾಂಕ, ಇವನ್ನು ಕೇಳಬಹುದು. ಒಪ್ಪಿದ್ದೆಲ್ಲ ಆಫರ್ ಲೆಟರ್‌ನಲ್ಲಿ ಬರಲಿ. ಅದು ಕೈಗೆ ಬರುವವರೆಗೆ ಇರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.

ಚೆನ್ನಾಗಿ ಕೆಲಸ ಮಾಡ್ತೀನಿ, ಆದರೂ ಬಡ್ತಿ ನನಗೆ ಸಿಗಲ್ಲ. ಯಾಕೆ?

ರಾಜಕೀಯ ಇಲ್ಲ ಎಂದು ನಾನು ಹೇಳುವುದಿಲ್ಲ, ಇದೆ. ಆದರೆ ಅದಕ್ಕಿಂತ ಸಾಮಾನ್ಯವಾದ ಕಾರಣ ಬೇರೆ: ನೀವು ಏನು ಮಾಡಿದಿರಿ ಎಂದು ನಿರ್ಧಾರ ತೆಗೆದುಕೊಳ್ಳುವವರಿಗೆ ಗೊತ್ತಿಲ್ಲ. ಸಮಸ್ಯೆ ಆಗುವ ಮೊದಲೇ ತಡೆದವರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಸಮಸ್ಯೆ ಆದ ಮೇಲೆ ರಾತ್ರಿಯೆಲ್ಲ ಕೂತು ಸರಿ ಮಾಡಿದವರಿಗೆ ಚಪ್ಪಾಳೆ. ಅನ್ಯಾಯ ಹೌದು, ಆದರೆ ಹೀಗೇ ನಡೆಯುತ್ತದೆ.

ಅದಕ್ಕೆ ವಾರಕ್ಕೊಮ್ಮೆ, ಶುಕ್ರವಾರ ಸಂಜೆ, ಐದು ಸಾಲು ಬರೆದಿಡಿ. ಏನು ಮುಗಿಸಿದೆ, ಯಾರಿಗೆ ಉಪಯೋಗ ಆಯಿತು, ಯಾರು ಏನು ಅಂದರು. ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಎಲ್ಲರಿಗೂ ನೆನಪಿರುವುದು ಕೊನೆಯ ಎರಡು ತಿಂಗಳು ಮಾತ್ರ. ನಿಮ್ಮ ಹತ್ತಿರ ಹನ್ನೆರಡೂ ತಿಂಗಳು ಇರುತ್ತದೆ. ಮ್ಯಾನೇಜರ್‌ಗೂ ಇದು ಅನುಕೂಲ. ನಿಮ್ಮ ಪರವಾಗಿ ಮೇಲಿನವರ ಮುಂದೆ ವಾದ ಮಾಡಬೇಕಾದವರು ಅವರು, ಬರಿಗೈಯಲ್ಲಿ ಹೇಗೆ ಮಾಡುತ್ತಾರೆ?

ಎರಡನೆಯದು, ನೇರವಾಗಿ ಕೇಳಿ. ‘ಮುಂದಿನ ಹುದ್ದೆಗೆ ನನ್ನಲ್ಲಿ ಏನು ಕಡಿಮೆ ಇದೆ? ಅದು ಸರಿಹೋಗಿದೆ ಎಂದು ಯಾವುದನ್ನು ನೋಡಿ ತಿಳಿಯುತ್ತೀರಿ?’ ಎರಡನೇ ಪ್ರಶ್ನೆಯೇ ಮುಖ್ಯ. ‘ಇನ್ನೂ ಸ್ವಲ್ಪ ಮುಂದಾಳತ್ವ ಬೇಕು’ ಅನ್ನುವ ಉತ್ತರದಿಂದ ಏನೂ ಆಗುವುದಿಲ್ಲ. ‘ಈ ಪ್ರಾಜೆಕ್ಟ್ ನೀವೇ ನಡೆಸಿ ಮುಗಿಸಿ’ ಅಂದರೆ ಹಿಡಿಯಲು ಏನೋ ಸಿಕ್ಕಿತು. ಮಾತು ಮುಗಿದ ಮೇಲೆ ಅದನ್ನೇ ಚಿಕ್ಕ ಇಮೇಲ್ ಮಾಡಿ ಕಳಿಸಿ.

ಮೇಲಿನ ಹುದ್ದೆಯ ಕೆಲಸವನ್ನು ಈಗಲೇ ಮಾಡಿ ತೋರಿಸಿ ಅನ್ನುವ ಸಲಹೆಯೂ ಇದೆ. ಒಪ್ಪುತ್ತೇನೆ, ಆದರೆ ಗಡಿ ಹಾಕಿಕೊಳ್ಳಿ. ಒಂದು ವರ್ಷವಾದರೂ ಹುದ್ದೆ ಬರದಿದ್ದರೆ ಅದು ಅವಕಾಶ ಅಲ್ಲ, ಪುಕ್ಕಟೆ ದುಡಿಮೆ.

ಬೆಳೆಯಬೇಕು ಅಂದರೆ ಮ್ಯಾನೇಜರ್ ಆಗಲೇಬೇಕಾ?

ಇಲ್ಲ. ಅಮೆರಿಕದ ಅನೇಕ ಕಂಪನಿಗಳ ಮಾರಾಟ ಸಿಬ್ಬಂದಿಯ ದಾಖಲೆ ನೋಡಿದ 2019ರ ಅಧ್ಯಯನ ಒಂದಿದೆ. ಚೆನ್ನಾಗಿ ಮಾರುವವರಿಗೇ ಬಡ್ತಿ ಸಿಗುವ ಸಾಧ್ಯತೆ ಹೆಚ್ಚಿತ್ತು. ಆದರೆ ಹಾಗೆ ಮೇಲೆ ಬಂದವರ ಕೈಕೆಳಗಿನ ತಂಡಗಳ ಮಾರಾಟ ಅಷ್ಟು ಚೆನ್ನಾಗಿರಲಿಲ್ಲ. ಮಾರುವುದು ಒಂದು ಕೆಲಸ, ಮಾರುವವರನ್ನು ನಡೆಸುವುದು ಬೇರೆಯೇ ಕೆಲಸ. ಇಡೀ ದಿನ ಬೇರೆಯವರ ತೊಂದರೆ ಕೇಳುವುದು ನಿಮಗೆ ಹಿಂಸೆ ಅನಿಸಿದರೆ ಮ್ಯಾನೇಜರ್ ಆಗದೆ ಪರಿಣತರಾಗಿಯೇ ಮೇಲೇರುವ ಹಾದಿ ಇರುವ ಕಂಪನಿ ಹುಡುಕಿ. ನಿರ್ಧರಿಸುವ ಮೊದಲು ಒಬ್ಬ ಹೊಸಬರಿಗೆ ಮೂರು ತಿಂಗಳು ಕೆಲಸ ಕಲಿಸಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಎಐ ನನ್ನ ಕೆಲಸ ಕಿತ್ತುಕೊಳ್ಳುತ್ತಾ?

ಪೂರ್ತಿ ಹುದ್ದೆ ಬಗ್ಗೆ ಯೋಚಿಸುವ ಬದಲು ಹುದ್ದೆಯೊಳಗಿನ ಕೆಲಸಗಳನ್ನು ಬಿಡಿಬಿಡಿಯಾಗಿ ನೋಡಿ. 5,000ಕ್ಕೂ ಹೆಚ್ಚು ಗ್ರಾಹಕ ಸೇವಾ ಸಿಬ್ಬಂದಿಯ ಮೇಲೆ 2023ರಲ್ಲಿ ಬಂದ ಅಧ್ಯಯನದಲ್ಲಿ, ಎಐ ನೆರವಿನಿಂದ ಗಂಟೆಗೆ ಪರಿಹರಿಸುವ ದೂರುಗಳು ಸರಾಸರಿ ಶೇ 14ರಷ್ಟು ಏರಿದವು. ಹೊಸಬರಲ್ಲಿ ಏರಿಕೆ ಶೇ 34. ಹಳಬರಲ್ಲಿ ಹೆಚ್ಚೇನೂ ಇಲ್ಲ. ಅಂದರೆ ಸಿದ್ಧ ಉತ್ತರ ಕೊಡುವುದರಲ್ಲಿ ಹಳಬರಿಗಿದ್ದ ಮುನ್ನಡೆ ಕಡಿಮೆಯಾಗುತ್ತದೆ. ಉತ್ತರ ಸರಿಯಿದೆಯಾ ಎಂದು ಪರೀಕ್ಷಿಸುವುದು, ಗ್ರಾಹಕರಿಗೆ ನಿಜಕ್ಕೂ ಏನು ಬೇಕೆಂದು ಕಂಡುಹಿಡಿಯುವುದು, ತಪ್ಪಾದರೆ ಹೊಣೆ ಹೊರುವುದು, ಇವುಗಳತ್ತ ಸರಿಯಿರಿ. ಉಪಕರಣವನ್ನು ದೂರ ಇಡಬೇಡಿ, ವಾರಕ್ಕೊಂದು ಕೆಲಸ ಅದರಲ್ಲಿ ಮಾಡಿ ನೋಡಿ.

ನಲವತ್ತು ದಾಟಿದೆ, ಕ್ಷೇತ್ರ ಬದಲಿಸಬಹುದಾ?

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ: ಉದ್ಯಮ ಅಥವಾ ಹುದ್ದೆ. ಆಸ್ಪತ್ರೆಯ ನರ್ಸ್ ನೇರವಾಗಿ ಸಾಫ್ಟ್‌ವೇರ್‌ಗೆ ಹಾರುವುದು ಕಷ್ಟ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿ ತರಬೇತಿ ಕೊಡುವ ಕೆಲಸಕ್ಕೆ ಹೋದರೆ, ಅಲ್ಲಿ ಆಕೆಗೆ ಗೊತ್ತಿರುವುದು ಅಲ್ಲಿನ ಎಂಜಿನಿಯರ್‌ಗಳಿಗೆ ಗೊತ್ತಿರುವುದಿಲ್ಲ. ಮುಂದಿನ ಹೆಜ್ಜೆ ಅಲ್ಲಿಂದ.

ಕೆಲಸ ಕೊಡಿಸಲು ದುಡ್ಡು ಕೇಳುತ್ತಿದ್ದಾರೆ. ಕೊಡಬಹುದಾ?

ಬೇಡ. ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ, ಯಾವ ಹೆಸರಲ್ಲಿ ಕೇಳಿದರೂ ಬೇಡ. ಕಂಪನಿಯ ವೆಬ್‌ಸೈಟ್‌ನಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ ವಿಚಾರಿಸಿ.

ಕೆಲಸ ಬಿಡುವಾಗ ಏನು ನೋಡಿಕೊಳ್ಳಬೇಕು?

ಬಿಡುತ್ತೇನೆ ಎಂದಾಗ ಸಂಬಳ ಏರಿಸಿ ನಿಲ್ಲಿಸಿಕೊಳ್ಳಲು ನೋಡಬಹುದು. ಬಿಡಲು ಕಾರಣ ಸಂಬಳ ಒಂದೇ ಆಗಿದ್ದರೆ ಯೋಚಿಸಿ. ಕಾರಣ ಮ್ಯಾನೇಜರ್ ಅಥವಾ ಕೆಲಸದ ರೀತಿ ಆಗಿದ್ದರೆ ಅದು ಹಾಗೇ ಉಳಿದಿರುತ್ತದೆ.

ನೋಟಿಸ್ ಪಿರಿಯಡ್‌ನಲ್ಲಿ ಕೆಲಸವನ್ನು ಚೆನ್ನಾಗಿ ಬರೆದು ಒಪ್ಪಿಸಿ. ನಿಮ್ಮ ನಂತರ ಬರುವವರು ಯಾರನ್ನೂ ಕೇಳದೆ ಮುಂದುವರಿಸುವಂತಿರಲಿ. ಅನುಭವ ಪತ್ರ, ಸಂಬಳದ ಚೀಟಿ ತೆಗೆದುಕೊಳ್ಳಿ. ಕಂಪನಿಯ ಫೈಲ್‌ಗಳನ್ನು ತೆಗೆದುಕೊಳ್ಳಬೇಡಿ, ನೀವೇ ಮಾಡಿದ್ದಾದರೂ ಸರಿ. ಮುಂದೆ ರೆಫರೆನ್ಸ್ ಕೊಡುತ್ತೀರಾ ಎಂದು ಇಬ್ಬರನ್ನು ಈಗಲೇ ಕೇಳಿ, ಅವರ ವೈಯಕ್ತಿಕ ನಂಬರ್ ಬರೆದಿಟ್ಟುಕೊಳ್ಳಿ. ಆಫೀಸಿನ ಇಮೇಲ್ ನಿಮ್ಮದೂ ನಿಲ್ಲುತ್ತದೆ, ಮುಂದೊಂದು ದಿನ ಅವರದ್ದೂ ನಿಲ್ಲಬಹುದು.